ಜೀವಕೋಶ ಸಂಶೋಧನೆಯ ಸೂಕ್ಷ್ಮನಾಳ ಸಾಧನಗಳು: ತಯಾರಿಕೆಯ ವಿಧಾನಗಳೂ ಅಚ್ಚಿನ ಲೆಕ್ಕವೂ

ಔಷಧ ಸಂಶೋಧನೆ ಹಾಗೂ ಜೈವಿಕ ತಂತ್ರಜ್ಞಾನದ ಪ್ರಯೋಗಾಲಯಗಳಿಂದ ಟೂಲ್ ರೂಮ್‌ಗಳಿಗೂ ಪ್ಲಾಸ್ಟಿಕ್ ಅಚ್ಚೊತ್ತುವ ಘಟಕಗಳಿಗೂ ಈಚೆಗೆ ಒಂದು ಹೊಸ ಬಗೆಯ ವಿಚಾರಣೆ ಬರುವುದುಂಟು. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯಷ್ಟು ಅಳತೆಯ ಒಂದು ಪಾರದರ್ಶಕ ತುಣುಕು. ಅದರೊಳಗೆ ಕೂದಲೆಳೆಯಷ್ಟು ಅಗಲದ ಕಾಲುವೆಗಳು. ತುದಿಗಳಲ್ಲಿ ಕೊಳವೆ ಸಿಕ್ಕಿಸಲು ರಂಧ್ರಗಳು. ಸಂಶೋಧಕರು ಅದನ್ನು ಮೇಜಿನ ಮೇಲಿಟ್ಟು, "ಇಂಥದ್ದೇ ಎರಡು ಸಾವಿರ ಬೇಕು, ದರ ತಿಳಿಸಿ" ಎನ್ನುತ್ತಾರೆ. ಮೇಲ್ನೋಟಕ್ಕೆ ಇದು ಪೆನ್ನಿನ ಮುಚ್ಚಳಕ್ಕಿಂತಲೂ ಸರಳವಾದ ಸರಕು. ಆದರೆ ನಕ್ಷೆಯಂತೆಯೇ ಉಕ್ಕಿನ ಅಚ್ಚು ಕೊರೆದು, ನಕ್ಷೆಯಂತೆಯೇ ತುಣುಕುಗಳನ್ನು ತಯಾರಿಸಿ ಕೊಟ್ಟ ಮೇಲೂ ಅದರೊಳಗಿನ ಜೀವಕೋಶಗಳು ಸತ್ತು, ಮಾಲು ಹಿಂದಿರುಗಿ ಬರುವ ಸಂಭವ ಈ ವ್ಯವಹಾರದಲ್ಲಿದೆ. ಹಾಗೇಕೆ ಆಗುತ್ತದೆ, ಅದನ್ನು ತಪ್ಪಿಸಲು ತಯಾರಕನು ತಿಳಿದಿರಬೇಕಾದ ವಿಧಾನಗಳು ಯಾವುವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಇಂತಹ ತುಣುಕಿಗೆ ಮೈಕ್ರೋಫ್ಲೂಯಿಡಿಕ್ ಸಾಧನವೆಂದು ಹೆಸರು. ಇಲ್ಲಿ ಅದನ್ನು ಸೂಕ್ಷ್ಮನಾಳ ಸಾಧನವೆಂದೂ, ಸಂಕ್ಷೇಪವಾಗಿ ಚಿಪ್ ಎಂದೂ ಕರೆಯಲಾಗಿದೆ.

ಸಾಧನದ ಸ್ವರೂಪ

ಮಾನವ ದೇಹದ ಬಹುಪಾಲು ಜೀವಕೋಶಗಳ ಅಳತೆ 10ರಿಂದ 20 ಮೈಕ್ರಾನ್‌ಗಳಷ್ಟು. ರಕ್ತದ ಕೆಂಪುಕಣ ಇನ್ನೂ ಚಿಕ್ಕದು, ಸುಮಾರು 7–8 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. 100 ಮೈಕ್ರಾನ್ ಅಗಲ, 50 ಮೈಕ್ರಾನ್ ಎತ್ತರ, 2 ಸೆಂ.ಮೀ. ಉದ್ದದ ಕಾಲುವೆಯೊಂದರಲ್ಲಿ ಹಿಡಿಯುವ ದ್ರವ ಮೈಕ್ರೋಲೀಟರಿನ ಹತ್ತನೇ ಒಂದು ಭಾಗ ಮಾತ್ರ. ಔಷಧಿಯ ಡ್ರಾಪರಿನಿಂದ ಬೀಳುವ ಒಂದು ಹನಿಯಲ್ಲಿ ಇಂತಹ 500 ಕಾಲುವೆಗಳನ್ನು ತುಂಬಬಹುದು. ದುಬಾರಿಯಾದ ಔಷಧವನ್ನೂ ರೋಗಿಯಿಂದ ಪಡೆದ ಅತ್ಯಲ್ಪ ಕೋಶಗಳನ್ನೂ ಇಟ್ಟುಕೊಂಡು ಕೆಲಸ ಮಾಡುವವರಿಗೆ ಈ ಮಿತವ್ಯಯವೇ ಮೊದಲ ಆಕರ್ಷಣೆ.

ಎರಡನೆಯ ಆಕರ್ಷಣೆ ಹರಿವಿನ ಸ್ವಭಾವದಲ್ಲಿದೆ. ಇಷ್ಟು ಕಿರಿದಾದ ಕಾಲುವೆಯಲ್ಲಿ ದ್ರವವು ಸುಳಿ ಏಳದೆ, ಪದರ ಪದರವಾಗಿ ಸಾಗುತ್ತದೆ. ಎರಡು ಕವಲುಗಳಿಂದ ಬಂದ ಎರಡು ಬಣ್ಣದ ನೀರು ಒಂದೇ ಕಾಲುವೆಯನ್ನು ಸೇರಿದರೂ ಕಲಸಿಹೋಗದೆ ಅಕ್ಕಪಕ್ಕದಲ್ಲೇ ಹರಿಯುತ್ತವೆ. ಬೆರಕೆ ನಡೆಯುವುದು ಅಣುಗಳ ನಿಧಾನವಾದ ಹರಡುವಿಕೆಯಿಂದ ಮಾತ್ರ. ಸಣ್ಣ ಅಣುವೊಂದು 100 ಮೈಕ್ರಾನ್ ದೂರ ಹರಡಲು ಸುಮಾರು 10 ಸೆಕೆಂಡು ಬೇಕು. ಹೀಗಾಗಿ ಒಂದೇ ಕಾಲುವೆಯ ಎಡಬದಿಯ ಕೋಶಗಳಿಗೆ ಔಷಧವನ್ನು ಉಣಿಸಿ, ಬಲಬದಿಯವುಗಳಿಗೆ ಉಣಿಸದಿರುವುದು ಸಾಧ್ಯವಾಗುತ್ತದೆ. ಸಾಮಾನ್ಯ ಗಾಜಿನ ತಟ್ಟೆಯಲ್ಲಿ ಇದು ಆಗದ ಮಾತು.

2010ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೀಸ್ ಸಂಸ್ಥೆಯಲ್ಲಿ ಡೊನಾಲ್ಡ್ ಇಂಗ್ಬರ್ ಹಾಗೂ ಅವರ ಸಹೋದ್ಯೋಗಿಗಳು ಶ್ವಾಸಕೋಶದ ಒಂದು ಕಿರುಮಾದರಿಯನ್ನು ಚಿಪ್ಪಿನ ಮೇಲೆ ರಚಿಸಿ ಪ್ರಕಟಿಸಿದರು. ಸಣ್ಣ ರಂಧ್ರಗಳುಳ್ಳ ತೆಳುಪೊರೆಯ ಒಂದು ಬದಿಗೆ ಶ್ವಾಸಕೋಶದ ಕೋಶಗಳು, ಇನ್ನೊಂದು ಬದಿಗೆ ರಕ್ತನಾಳದ ಕೋಶಗಳು. ಪಕ್ಕದ ಕೋಣೆಗಳಿಂದ ಗಾಳಿಯನ್ನು ಹೀರಿದಾಗ ಪೊರೆ ಹಿಗ್ಗಿ ಉಸಿರಾಟವನ್ನು ಅನುಕರಿಸುತ್ತದೆ. ಅಲ್ಲಿಂದೀಚೆಗೆ ಯಕೃತ್ತು, ಮೂತ್ರಪಿಂಡ, ಕರುಳುಗಳ ಮಾದರಿಗಳೂ ಬಂದಿವೆ. ಹೊಸ ಔಷಧವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಲೇಬೇಕೆಂಬ ಕಡ್ಡಾಯವನ್ನು ಅಮೆರಿಕ 2022ರ ಡಿಸೆಂಬರ್‌ನಲ್ಲಿ ಕಾನೂನಿನ ಮೂಲಕ ಸಡಿಲಿಸಿತು. ಭಾರತ ಸರ್ಕಾರವು 2023ರಲ್ಲಿ ಹೊಸ ಔಷಧ ಮತ್ತು ಚಿಕಿತ್ಸಾ ಪರೀಕ್ಷಾ ನಿಯಮಗಳಿಗೆ ತಿದ್ದುಪಡಿ ತಂದು ಇಂತಹ ಚಿಪ್ ಆಧಾರಿತ ಪರೀಕ್ಷೆಗಳಿಗೂ ಅವಕಾಶ ನೀಡಿತು. ಬೇಡಿಕೆಯ ಹಿನ್ನೆಲೆ ಇದು. ಅದರ ಪ್ರಮಾಣದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಕೋಟಿಗಳ ಅಂದಾಜುಗಳನ್ನು ವಾಚಕರು ಸ್ವಲ್ಪ ಎಚ್ಚರಿಕೆಯಿಂದಲೇ ಓದುವುದು ಲೇಸು.

ಎತ್ತರದಲ್ಲಿನ ಹತ್ತು ಮೈಕ್ರಾನ್

ತಯಾರಕನಿಗೆ ಮೊದಲು ಮನದಟ್ಟಾಗಬೇಕಾದ ಅಂಶವೆಂದರೆ ಕಾಲುವೆಯ ಎತ್ತರ. ಕೋಶಗಳನ್ನು ಬೆಳೆಸುವ ಕಾಲುವೆ ಸಾಮಾನ್ಯವಾಗಿ ಅಗಲವಾಗಿದ್ದು, ಎತ್ತರ ಕಡಿಮೆಯಿರುತ್ತದೆ, 1 ಮಿ.ಮೀ. ಅಗಲ, 100 ಮೈಕ್ರಾನ್ ಎತ್ತರವೆಂದು ಇಟ್ಟುಕೊಳ್ಳೋಣ. ಅಗಲದಲ್ಲಿ 10 ಮೈಕ್ರಾನ್ ಹೆಚ್ಚುಕಡಿಮೆಯಾದರೆ ಶೇಕಡಾ ಒಂದರ ವ್ಯತ್ಯಾಸ, ಯಾರೂ ಗಮನಿಸುವುದಿಲ್ಲ. ಅದೇ ಹತ್ತು ಮೈಕ್ರಾನ್ ಎತ್ತರದಲ್ಲಿ ಕಡಿಮೆಯಾಗಿ 90 ಆದರೆ? ಹರಿವಿಗೆ ಕಾಲುವೆ ಒಡ್ಡುವ ತಡೆ ಎತ್ತರದ ಘನಕ್ಕೆ ವಿಲೋಮವಾಗಿ ಏರುವುದರಿಂದ, ತಡೆಯು ಶೇಕಡಾ 37ರಷ್ಟು ಹೆಚ್ಚುತ್ತದೆ. ಪಂಪು ಅದೇ ಪ್ರಮಾಣದ ದ್ರವವನ್ನು ನೂಕುತ್ತಿದ್ದರೆ, ತಳದಲ್ಲಿ ಅಂಟಿಕೊಂಡಿರುವ ಕೋಶಗಳ ಮೇಲೆ ದ್ರವವು ಉಜ್ಜುವ ಬಲ ಎತ್ತರದ ವರ್ಗಕ್ಕೆ ವಿಲೋಮವಾಗಿ ಏರಿ ಶೇಕಡಾ 23ರಷ್ಟು ಅಧಿಕವಾಗುತ್ತದೆ.

ಈ ಉಜ್ಜುವಿಕೆ ಕೋಶಗಳಿಗೆ ಅರಿವಾಗುವಂತಹುದು. ರಕ್ತನಾಳದ ಒಳಪದರದ ಕೋಶಗಳು ಹರಿವಿನ ದಿಕ್ಕಿಗೆ ಅನುಗುಣವಾಗಿ ನೀಳವಾಗಿ ಸಾಲುಗೊಳ್ಳುತ್ತವೆ. ಬಲ ಮಿತಿಮೀರಿದರೆ ಕೆಲವು ಬಗೆಯ ಕೋಶಗಳು ಕಿತ್ತುಹೋಗುತ್ತವೆ. ಆದ್ದರಿಂದ ಒಂದು ಡಬ್ಬದಲ್ಲಿನ ಐವತ್ತು ಚಿಪ್‌ಗಳಲ್ಲಿ ಎತ್ತರ ಒಂದೇ ಇಲ್ಲದಿದ್ದರೆ, ಸಂಶೋಧಕನ ಐವತ್ತು ಪ್ರಯೋಗಗಳಿಗೆ ಐವತ್ತು ಉತ್ತರಗಳು ಬರುತ್ತವೆ. ನಕ್ಷೆಯಲ್ಲಿ ಎಲ್ಲ ಅಳತೆಗಳಿಗೂ ಒಂದೇ ಸಹನೆ ಬರೆದಿದ್ದರೆ ಅದನ್ನು ಒಪ್ಪಿಕೊಳ್ಳದೆ, ಎತ್ತರಕ್ಕೆ ಪ್ರತ್ಯೇಕವಾಗಿ ಎಷ್ಟೆಂದು ಕೇಳುವುದು ಒಳ್ಳೆಯ ತಯಾರಕನ ಲಕ್ಷಣ. ಅಗಲದಲ್ಲಿ ಬಿಗಿ ಸಹನೆ ಹಿಡಿದು ದರ ಏರಿಸುವುದರಿಂದ ಇಬ್ಬರಿಗೂ ಲಾಭವಿಲ್ಲ.

ಪ್ರಯೋಗಾಲಯದ ವಿಧಾನ

ಸಂಶೋಧಕರು ಮಾದರಿಗೆಂದು ತರುವ ತುಣುಕು ಬಹುತೇಕ ಪಿ.ಡಿ.ಎಂ.ಎಸ್. ಎಂಬ ಪಾರದರ್ಶಕ ಸಿಲಿಕೋನ್ ರಬ್ಬರಿನದಾಗಿರುತ್ತದೆ. ಈ ರಬ್ಬರು ಸಿಲಿಕೋನ್. ಅದನ್ನು ಎರೆಯುವ ಅಚ್ಚಿನ ಬಿಲ್ಲೆ ಸಿಲಿಕಾನ್. ಒಂದು ದೀರ್ಘದ ಈ ವ್ಯತ್ಯಾಸದಿಂದ ಖರೀದಿ ಆದೇಶಗಳಲ್ಲಿ ಗೊಂದಲವಾಗುವುದುಂಟು. ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡವು 1998ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಅಲ್ಪಸ್ವಲ್ಪ ಬದಲಾವಣೆಗಳೊಂದಿಗೆ ಪ್ರಪಂಚದ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ.

ಮೊದಲು ನಯವಾದ ಸಿಲಿಕಾನ್ ಬಿಲ್ಲೆಯ ಮೇಲೆ ಎಸ್.ಯು.-8 ಎಂಬ ಬೆಳಕಿಗೆ ಗಟ್ಟಿಯಾಗುವ ರಾಳವನ್ನು ಸುರಿದು ಬಿಲ್ಲೆಯನ್ನು ವೇಗವಾಗಿ ತಿರುಗಿಸಲಾಗುತ್ತದೆ. ರಾಳವು ಸಮನಾದ ಪದರವಾಗಿ ಹರಡುತ್ತದೆ. ತಿರುಗುವ ವೇಗ ಮತ್ತು ರಾಳದ ಸಾಂದ್ರತೆಯಿಂದ ಪದರದ ದಪ್ಪ, ಅಂದರೆ ಮುಂದೆ ಕಾಲುವೆಯಾಗುವುದರ ಎತ್ತರ, ನಿರ್ಧಾರವಾಗುತ್ತದೆ. ಬಿಸಿಮಾಡಿ ದ್ರಾವಕವನ್ನು ಹೋಗಲಾಡಿಸಿ, ಕಾಲುವೆಯ ಚಿತ್ರವನ್ನು ಮುದ್ರಿಸಿದ ಫಿಲ್ಮನ್ನು ಮೇಲಿಟ್ಟು ನೇರಳಾತೀತ ಬೆಳಕನ್ನು ಹಾಯಿಸುತ್ತಾರೆ. ಮುದ್ರಣಾಲಯದವರಿಗೆ ಈ ಕ್ರಮ ಅಪರಿಚಿತವಲ್ಲ; ಆಫ್‌ಸೆಟ್ ಪ್ಲೇಟು ತಯಾರಿಸುವ ತತ್ತ್ವವೂ ಇದೇ. ಬೆಳಕು ತಾಗಿದ ಕಡೆ ರಾಳ ಗಟ್ಟಿಯಾಗಿ ಉಳಿದು, ಮಿಕ್ಕದ್ದು ತೊಳೆದುಹೋಗುತ್ತದೆ. ಹೀಗೆ ಬಿಲ್ಲೆಯ ಮೇಲೆ ಕಾಲುವೆಯ ಆಕಾರದ ಏರಿಗಳು ನಿಲ್ಲುತ್ತವೆ. ಇದೇ ಮೂಲ ಅಚ್ಚು.

ಅನಂತರ ರಬ್ಬರಿನ ಎರಕ. ಸಿಲ್ಗಾರ್ಡ್ 184 ಎಂಬ ಪ್ರಸಿದ್ಧ ಸರಕಿನಲ್ಲಿ ಮೂಲದ್ರವ ಹತ್ತು ಪಾಲು, ಗಟ್ಟಿಗೊಳಿಸುವ ದ್ರವ ಒಂದು ಪಾಲು, ತೂಕದ ಲೆಕ್ಕದಲ್ಲಿ. ಚೆನ್ನಾಗಿ ಕಲಸಿ, ನಿರ್ವಾತದಲ್ಲಿಟ್ಟು ಗುಳ್ಳೆಗಳನ್ನು ತೆಗೆದು, ಅಚ್ಚಿನ ಮೇಲೆ ಸುರಿದು, 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಎರಡು ಗಂಟೆ ಒಲೆಯಲ್ಲಿಟ್ಟರೆ ಗಟ್ಟಿಯಾದ ರಬ್ಬರು ಸುಲಭವಾಗಿ ಎದ್ದುಬರುತ್ತದೆ. ರಂಧ್ರ ಕೊರೆದು, ಗಾಜನ್ನೂ ರಬ್ಬರನ್ನೂ ಆಮ್ಲಜನಕದ ಪ್ಲಾಸ್ಮಾಕ್ಕೆ ಸ್ವಲ್ಪ ಹೊತ್ತು ಒಡ್ಡಿ ಪರಸ್ಪರ ತಾಗಿಸಿದರೆ, ಯಾವ ಅಂಟೂ ಇಲ್ಲದೆ ಬೇರ್ಪಡಿಸಲಾಗದಂತೆ ಕೂಡಿಕೊಳ್ಳುತ್ತವೆ. ಚಿಪ್ ಸಿದ್ಧ. ಒಂದು ಎಚ್ಚರಿಕೆ: ಈ ರಬ್ಬರು ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವಂತಹುದು. ಗಂಧಕದ ಅಂಶವಿರುವ ಲೇಟೆಕ್ಸ್ ಕೈಗವಸು ತಾಗಿದರೆ ಸಾಕು, ಆ ಭಾಗ ಅಂಟಂಟಾಗಿಯೇ ಉಳಿಯುತ್ತದೆ. ನೈಟ್ರೈಲ್ ಕೈಗವಸನ್ನೇ ಬಳಸಬೇಕು. ಒಲೆಯ ಶಾಖವೂ ಲೆಕ್ಕಕ್ಕೆ ಬರಬೇಕಾದದ್ದು. ಗಟ್ಟಿಯಾಗುವಾಗ ರಬ್ಬರು ಶಾಖಕ್ಕನುಗುಣವಾಗಿ ಶೇಕಡಾ 1ರಿಂದ 2ರಷ್ಟು ಕುಗ್ಗುತ್ತದೆ. 50 ಮಿ.ಮೀ. ಉದ್ದದ ಚಿಪ್ಪಿನಲ್ಲಿ ಅದು ಅರ್ಧ ಮಿಲಿಮೀಟರಿಗೂ ಮಿಕ್ಕಿದ ವ್ಯತ್ಯಾಸ. ಎರಡು ಪದರಗಳ ರಂಧ್ರಗಳು ಒಂದರ ಮೇಲೊಂದು ಕೂಡದಿರಲು ಇದೇ ಕಾರಣವಾಗಿರುತ್ತದೆ.

ಈ ವಿಧಾನದ ಹಿರಿಮೆಯೆಂದರೆ ವಿನ್ಯಾಸ ಬದಲಾಯಿಸುವುದು ಸುಲಭ. ಸೋಮವಾರ ಬರೆದ ಚಿತ್ರ ಶುಕ್ರವಾರದೊಳಗೆ ಚಿಪ್ಪಾಗಿ ಕೈಗೆ ಬರಬಹುದು. ಒಂದು ಮೂಲ ಅಚ್ಚಿನಿಂದ ಹತ್ತಾರು ಎರಕಗಳನ್ನು ತೆಗೆಯಬಹುದು. ಆದರೆ ಪ್ರತಿಯೊಂದೂ ಕೈಕೆಲಸ. ಕಲಸುವುದು, ಸುರಿಯುವುದು, ಕೊಯ್ಯುವುದು, ರಂಧ್ರ ಕೊರೆಯುವುದು, ಕೂಡಿಸುವುದು ಇವನ್ನೆಲ್ಲ ಎರಡು ಸಾವಿರ ಬಾರಿ ಮಾಡಲು ವಿದ್ಯಾರ್ಥಿಗಳಿಗೆ ಆಗದು. ಆಗಲೇ ಅವರು ಕಾರ್ಖಾನೆಯ ಬಾಗಿಲು ತಟ್ಟುವುದು.

ಒಂದೇ ನಕ್ಷೆ, ಎರಡು ಫಲ

ರಬ್ಬರಿನ ಚಿಪ್ಪನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿಕೊಡುವಾಗ ಆಕಾರ ಬದಲಾಗದಿದ್ದರೂ ಕೋಶದ ಪಾಲಿಗೆ ಸಾಧನವೇ ಬದಲಾಗಿರುತ್ತದೆ. ಪ್ರಸ್ತುತ ಲೇಖನದ ಮುಖ್ಯ ಅಂಶ ಇದು.

ಪಿ.ಡಿ.ಎಂ.ಎಸ್. ಮೂಲಕ ಗಾಳಿ ಹಾಯುತ್ತದೆ. ಕಾಲುವೆಯಲ್ಲಿ ಪೋಷಕ ದ್ರವ ನಿಂತಿದ್ದರೂ ಗೋಡೆಯ ಮೂಲಕವೇ ಕೋಶಗಳಿಗೆ ಆಮ್ಲಜನಕ ದೊರೆಯುತ್ತದೆ. ಆಕ್ರಿಲಿಕ್ ಅಥವಾ ಪಾಲಿಸ್ಟೈರೀನ್ ಮೂಲಕ ಅಷ್ಟು ಗಾಳಿ ಹಾಯುವುದಿಲ್ಲ; ಅಲ್ಲಿ ಆಮ್ಲಜನಕ ಹರಿವಿನೊಂದಿಗೇ ಬರಬೇಕು. ಹರಿವು ನಿಲ್ಲಿಸಿ ರಾತ್ರಿಯಿಡೀ ಇಡುವ ಪದ್ಧತಿಯ ಪ್ರಯೋಗಾಲಯದಲ್ಲಿ, ರಬ್ಬರಿನ ಚಿಪ್ಪಿನೊಳಗೆ ಬೆಳಗಿನವರೆಗೆ ಬದುಕುತ್ತಿದ್ದ ಕೋಶಗಳು ಪ್ಲಾಸ್ಟಿಕ್ ಚಿಪ್ಪಿನೊಳಗೆ ಉಸಿರುಗಟ್ಟಬಹುದು. ಕಾಲುವೆಯಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆ ರಬ್ಬರಿನ ಗೋಡೆಯ ಮೂಲಕ ಮೆಲ್ಲನೆ ಹೊರಹೋಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಅಲ್ಲಿಯೇ ನಿಂತು ಹರಿವನ್ನು ತಡೆಯುತ್ತದೆ. ಒತ್ತಡಕ್ಕೆ ರಬ್ಬರಿನ ಕಾಲುವೆ ತುಸು ಉಬ್ಬಿ ಎತ್ತರ ಹೆಚ್ಚಿಸಿಕೊಳ್ಳುತ್ತದೆ, ಪ್ಲಾಸ್ಟಿಕ್ ಹಾಗೆ ಮಾಡದು. ಎತ್ತರದ ಮಹತ್ವವನ್ನು ಮೇಲೆ ಹೇಳಿಯಾಗಿದೆ.

ಇದರರ್ಥ ರಬ್ಬರು ನಿರ್ದೋಷಿಯೆಂದಲ್ಲ. ಎಣ್ಣೆಯಂಶದಲ್ಲಿ ಕರಗುವ ಸಣ್ಣ ಅಣುಗಳನ್ನು ಪಿ.ಡಿ.ಎಂ.ಎಸ್. ಸ್ಪಂಜಿನಂತೆ ಹೀರಿಕೊಳ್ಳುತ್ತದೆಂದು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೇವಿಡ್ ಬೀಬಿ ಅವರ ಪ್ರಯೋಗಾಲಯ 2006ರಲ್ಲಿ ತೋರಿಸಿತು. ಅನೇಕ ಔಷಧಗಳು ಇಂತಹ ಅಣುಗಳೇ. ಸಂಶೋಧಕನು ಹತ್ತು ಪಾಲು ಹಾಕಿದೆನೆಂದು ಬರೆದುಕೊಂಡಿರುತ್ತಾನೆ, ಕೋಶಕ್ಕೆ ತಲುಪಿದ್ದು ಅದಕ್ಕಿಂತ ಕಡಿಮೆ. ಅದೇ ಪ್ರಮಾಣವನ್ನು ಪ್ಲಾಸ್ಟಿಕ್ ಚಿಪ್ಪಿನಲ್ಲಿ ಹಾಕಿದಾಗ ಪೂರ್ಣವಾಗಿ ತಲುಪಿ, ಕೋಶ ಸತ್ತು, ತಯಾರಕನ ಮಾಲು ವಿಷಕಾರಿಯೆಂಬ ಆರೋಪ ಬರುವ ಸಾಧ್ಯತೆಯಿದೆ. ರಬ್ಬರಿನ ಮೂಲಕ ನೀರಿನ ಆವಿಯೂ ಹೊರಹೋಗಿ ದ್ರವ ಉಪ್ಪಾಗುತ್ತದೆ. ಗಟ್ಟಿಯಾಗದೆ ಉಳಿದ ಕಿರುಸರಪಳಿಗಳು ದ್ರವಕ್ಕೆ ಇಳಿಯುತ್ತವೆ. ಜೀವಶಾಸ್ತ್ರಜ್ಞರಾದರೋ ಹಲವು ದಶಕಗಳಿಂದ ಪಾಲಿಸ್ಟೈರೀನ್ ತಟ್ಟೆಗಳಲ್ಲೇ ಕೋಶಗಳನ್ನು ಬೆಳೆಸಿಕೊಂಡು ಬಂದವರು. ಅವರ ಹಳೆಯ ಫಲಿತಾಂಶಗಳೆಲ್ಲ ಆ ಪ್ಲಾಸ್ಟಿಕ್‌ನವೇ. ಎಂಜಿನಿಯರರು ಒಂದು ದೇಶದವರು, ಜೀವಶಾಸ್ತ್ರಜ್ಞರು ಇನ್ನೊಂದು ದೇಶದವರು ಎಂದು ಬೀಬಿಯವರ ತಂಡವೇ 2012ರಲ್ಲಿ ಇದನ್ನು ಕುರಿತು ವಿನೋದದ ತಲೆಬರಹದ ಲೇಖನವೊಂದನ್ನು ಪ್ರಕಟಿಸಿತು. ಆ ಎರಡು ದೇಶಗಳ ಗಡಿಯಲ್ಲಿ ನಿಂತಿರುವವನು ಅಚ್ಚು ಮಾಡುವವನು.

ಅಚ್ಚು ಕೊರೆಯುವುದು

ಪ್ಲಾಸ್ಟಿಕ್ ಚಿಪ್ಪಿಗೆ ನಾಲ್ಕು ಸಾಮಗ್ರಿಗಳು ಬಳಕೆಯಲ್ಲಿವೆ: ಪಾಲಿಸ್ಟೈರೀನ್, ಆಕ್ರಿಲಿಕ್, ಪಾಲಿಕಾರ್ಬೊನೇಟ್ ಹಾಗೂ ಸಿ.ಓ.ಸಿ. ಎಂದು ಕರೆಯುವ ಆವರ್ತಕ ಒಲಿಫಿನ್ ಪ್ಲಾಸ್ಟಿಕ್. ಕೊನೆಯದು ದುಬಾರಿ, ಆದರೆ ಸೂಕ್ಷ್ಮದರ್ಶಕದ ಕೆಳಗೆ ತಾನೇ ಹೊಳೆಯುವ ದೋಷ ಅದರಲ್ಲಿ ಕಡಿಮೆ. ಕೋಶಗಳನ್ನು ಹೊಳೆಯುವ ಬಣ್ಣಗಳಿಂದ ಗುರುತಿಸುವ ಕೆಲಸಕ್ಕೆ ಇದು ಮುಖ್ಯ. ಯಾವುದನ್ನು ಆರಿಸಿದರೂ ಮರುಬಳಕೆಯ ಕಾಳು ಸೇರಿಸುವಂತಿಲ್ಲ.

ಅಚ್ಚು ಕಾಲುವೆಯ ವಿಲೋಮ ರೂಪವೆಂಬುದನ್ನು ನೆನಪಿಡಬೇಕು. ಚಿಪ್ಪಿನಲ್ಲಿ ತೋಡಿರುವ ಕಡೆ ಅಚ್ಚಿನಲ್ಲಿ ಏರಿ ಇರುತ್ತದೆ. ಹೀಗಾಗಿ ಮಿಲ್ಲಿಂಗ್ ಯಂತ್ರದ ಕಟರು ಏರಿಯನ್ನು ಬಿಟ್ಟು ಸುತ್ತಲಿನ ಲೋಹವನ್ನೆಲ್ಲ ತೆಗೆಯಬೇಕು. ಇದರಿಂದ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ಅನುಕೂಲವೆಂದರೆ, ಕಾಲುವೆಯ ಅಗಲಕ್ಕೆ ಕಟರಿನ ವ್ಯಾಸ ಅಡ್ಡಿಯಾಗದು. 200 ಮೈಕ್ರಾನಿನ ಕಟರಿನಿಂದಲೂ 50 ಮೈಕ್ರಾನಿನ ಏರಿಯನ್ನು ಉಳಿಸಬಹುದು. ಅಡ್ಡಿಯಾಗುವುದು ಎರಡು ಕಾಲುವೆಗಳ ನಡುವಿನ ಅಂತರಕ್ಕೆ ಹಾಗೂ ಕವಲೊಡೆಯುವ ಮೂಲೆಗಳಿಗೆ. ಅಲ್ಲಿ ಕಟರಿನ ದುಂಡು ಉಳಿದೇ ತೀರುತ್ತದೆ. ತೊಡಕು ಇನ್ನೂ ಗಂಭೀರ. ಕಟರು ಓಡಾಡಿದ ತಳವೇ ಮುಂದೆ ಚಿಪ್ಪಿನ ಮೇಲ್ಮೈ ಆಗುತ್ತದೆ, ಮುಚ್ಚಳ ಕೂಡುವುದೂ ಆ ಮೇಲ್ಮೈಗೇ. ತಳದಲ್ಲಿ ಕಟರಿನ ಗೆರೆಗಳು ಉಳಿದರೆ ಅವು ಚಿಪ್ಪಿಗೆ ಅಚ್ಚೊತ್ತಿ, ಒಂದೊಂದು ಗೆರೆಯೂ ಒಂದೊಂದು ಸೋರುವ ದಾರಿಯಾಗುತ್ತದೆ. ಸಾಮಾನ್ಯ ಅಚ್ಚುಗಳಲ್ಲಿ ಕಣ್ಣಿಗೆ ಕಾಣುವ ಮುಖಕ್ಕೆ ಪಾಲಿಶ್ ಕೊಟ್ಟು ತಳವನ್ನು ಬಿಡುವ ಅಭ್ಯಾಸವಿದ್ದವರು ಇಲ್ಲಿ ಮೋಸಹೋಗುತ್ತಾರೆ.

ಕೆಲವು ನೂರು ಚಿಪ್‌ಗಳಿಗೆ ಬಿಸಿ ಒತ್ತುವಿಕೆ ಸಾಕು. ಪ್ಲಾಸ್ಟಿಕ್ ಹಾಳೆಯನ್ನು ಅದು ಮೆದುವಾಗುವ ಶಾಖಕ್ಕಿಂತ ಸ್ವಲ್ಪ ಹೆಚ್ಚಾಗಿ ಕಾಯಿಸಿ, ಪ್ರೆಸ್ಸಿನಲ್ಲಿ ಅಚ್ಚಿನ ಮೇಲೆ ಒತ್ತಿ, ಒತ್ತಡದಲ್ಲೇ ತಣಿಸಿ ಬಿಡಿಸುವುದು. ಪಾಲಿಸ್ಟೈರೀನ್, ಆಕ್ರಿಲಿಕ್‌ಗಳು ಮೆದುವಾಗುವುದು 100 ಡಿಗ್ರಿಯ ಆಸುಪಾಸಿನಲ್ಲಿ, ಪಾಲಿಕಾರ್ಬೊನೇಟ್ 150 ಡಿಗ್ರಿಯ ಸಮೀಪದಲ್ಲಿ. ಒಂದು ಸುತ್ತಿಗೆ ಹಲವು ನಿಮಿಷ ಹಿಡಿಯುತ್ತದೆ. ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಅಚ್ಚಿನಿಂದಲೂ ನಡೆಯುತ್ತದೆ.

ಸಾವಿರಾರು ಬೇಕಾದಾಗ ಇಂಜೆಕ್ಷನ್ ಮೌಲ್ಡಿಂಗ್. ಅಷ್ಟು ಸೂಕ್ಷ್ಮ ರಚನೆ ಈ ಯಂತ್ರದಿಂದ ಬಂದೀತೇ ಎಂದು ಸಂದೇಹಪಡುವವರು ಹಾಡಿನ ಸಿ.ಡಿ.ಯನ್ನು ನೆನೆದರೆ ಸಾಕು. ಅರ್ಧ ಮೈಕ್ರಾನ್ ಅಗಲದ ಕುಳಿಗಳನ್ನು 1.2 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆಯ ಮೇಲೆ, ನಿಕ್ಕಲ್ ತಗಡಿನ ಅಚ್ಚಿನಿಂದ, ಕೆಲವೇ ಸೆಕೆಂಡುಗಳಿಗೊಂದರಂತೆ ಆ ಉದ್ಯಮ ಒತ್ತುತ್ತಿತ್ತು. ಆ ನಿಕ್ಕಲ್ ತಗಡನ್ನು ವಿದ್ಯುಲ್ಲೇಪನದಿಂದ ಬೆಳೆಸುತ್ತಾರೆ. ಚಿಪ್ಪಿನ ಅಚ್ಚಿಗೂ ಇದೇ ಕ್ರಮ ಒಗ್ಗುತ್ತದೆ. ಆದರೆ ಸಿ.ಡಿ.ಯ ಕುಳಿ ಅತ್ಯಂತ ಆಳವಿಲ್ಲದ್ದು, ಚಿಪ್ಪಿನ ಕಾಲುವೆ ಅದಕ್ಕಿಂತ ನೂರಾರು ಪಟ್ಟು ಆಳವಾದುದು. ಬಿಡಿಸುವಾಗ ಕಚ್ಚಿಕೊಳ್ಳದಿರಲು ಗೋಡೆಗಳಿಗೆ ಒಂದೆರಡು ಡಿಗ್ರಿ ಇಳಿಜಾರು ಬೇಕು. ಪಿ.ಡಿ.ಎಂ.ಎಸ್. ಬಾಗಿ ಎದ್ದುಬರುವುದರಿಂದ ಪ್ರಯೋಗಾಲಯದ ನಕ್ಷೆಯಲ್ಲಿ ಈ ಇಳಿಜಾರು ಇರುವುದೇ ಇಲ್ಲ. ಕಚ್ಚಿಕೊಂಡಿತೆಂದು ಅಚ್ಚಿಗೆ ರಿಲೀಸ್ ಸ್ಪ್ರೇ ಹೊಡೆಯುವುದು ಈ ಕೆಲಸದಲ್ಲಿ ಮಾಡಬಾರದ ತಪ್ಪು. ಆ ಎಣ್ಣೆಯ ಲೇಪ ಕಾಲುವೆಗೆ ಅಂಟಿ, ಕೋಶಗಳು ತಳವನ್ನು ಹಿಡಿಯಲಾರದೆ ಹೋಗುತ್ತವೆ.

ಮುಚ್ಚಳ

ತೋಡಿದ ಕಾಲುವೆಗೆ ಮುಚ್ಚಳ ಕೂಡಿಸುವುದು ಅಚ್ಚೊತ್ತುವುದಕ್ಕಿಂತ ಕಷ್ಟವಾದ ಕೆಲಸ. ದರ ಹೇಳುವಾಗ ಇದನ್ನು ಮರೆಯುವವರೇ ಹೆಚ್ಚು. ಶಾಖದಿಂದ ಕೂಡಿಸಿದರೆ ಕಾಲುವೆ ಕುಸಿದು ಎತ್ತರ ಕೆಡುತ್ತದೆ. ಅಚ್ಚಿನಲ್ಲಿ ಜತನವಾಗಿ ಕಾಪಾಡಿದ ಮೈಕ್ರಾನುಗಳು ಇಲ್ಲಿ ಒಂದು ನಿಮಿಷದಲ್ಲಿ ಕಳೆದುಹೋಗುತ್ತವೆ. ದ್ರಾವಕದಿಂದ ಕೂಡಿಸಿದರೆ ಬಂಧ ಬಲವಾಗಿರುತ್ತದೆ, ಆದರೆ ಉಳಿದ ದ್ರಾವಕ ಕೋಶಗಳಿಗೆ ವಿಷ; ಬಿಸಿ ಒಲೆಯಲ್ಲಿ ಸಾಕಷ್ಟು ಹೊತ್ತು ಒಣಗಿಸಬೇಕು. ಅಲ್ಟ್ರಾಸಾನಿಕ್ ಹಾಗೂ ಲೇಸರ್ ಬೆಸುಗೆಗಳು ವೇಗವಾದವು, ಆದರೆ ಚಿಪ್ಪಿನ ವಿನ್ಯಾಸದಲ್ಲೇ ಅದಕ್ಕೆ ತಕ್ಕ ಸಿದ್ಧತೆ ಇರಬೇಕು. ಒತ್ತಿದರೆ ಅಂಟುವ ಫಿಲ್ಮು ಎಲ್ಲಕ್ಕಿಂತ ಸುಲಭ. ಕಾಲುವೆಯ ಒಂದು ಗೋಡೆಯೇ ಅಂಟಾಗಿ ಕೋಶಗಳಿಗೆ ತಾಗುವುದರಿಂದ, ಆ ಅಂಟು ಕೋಶಗಳಿಗೆ ಹಾನಿಕರವಲ್ಲವೆಂಬ ಪರೀಕ್ಷಾಪತ್ರವನ್ನು ಫಿಲ್ಮಿನ ಮಾರಾಟಗಾರರಿಂದ ಪಡೆಯಬೇಕು. ಐ.ಎಸ್.ಓ. 10993 ಮಾನಕದ 5ನೇ ಭಾಗವು ಈ ಪರೀಕ್ಷೆಗೆ ಸಂಬಂಧಿಸಿದ್ದು. ಮುಚ್ಚಳದ ದಪ್ಪವನ್ನೂ ಕೇಳಿಕೊಳ್ಳಬೇಕು. ಹೆಚ್ಚು ವರ್ಧನೆಯ ಮಸೂರಗಳು 0.17 ಮಿ.ಮೀ. ದಪ್ಪದ ಕವರ್ ಗಾಜಿಗೆ ಹೊಂದಿಸಿದವು. ಒಂದು ಮಿಲಿಮೀಟರ್ ದಪ್ಪದ ತಳದ ಮೂಲಕ ಅವುಗಳಿಂದ ಕೋಶ ಸ್ಪಷ್ಟವಾಗಿ ಕಾಣದು.

ಅಗ್ಗದ ದಾರಿಗಳು

ಆಕ್ರಿಲಿಕ್ ಹಾಳೆಯನ್ನು ನಾಮಫಲಕದವರ ಲೇಸರ್ ಯಂತ್ರದಲ್ಲಿ ಕೊರೆದು ಪದರ ಪದರವಾಗಿ ಜೋಡಿಸಿ ಚಿಪ್ ಮಾಡುವುದು ಸಾಧ್ಯ. ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಪ್ಲಾಟರಿನಿಂದ ಅಂಟುಫಿಲ್ಮನ್ನು ಕತ್ತರಿಸಿ ಎರಡು ಗಾಜುಗಳ ನಡುವೆ ಇಡುವ ಕ್ರಮವೂ 2005ರಿಂದ ಪ್ರಕಟಿತ ವಿಧಾನವಾಗಿದೆ. ಕಾಲುವೆಯ ಅಗಲ ಕಾಲು ಮಿಲಿಮೀಟರಿಗಿಂತ ಹೆಚ್ಚಿರುವಲ್ಲಿ ಇವು ತಕ್ಕವು, ಮತ್ತು ಫಿಲ್ಮಿನ ದಪ್ಪವೇ ಕಾಲುವೆಯ ಎತ್ತರವಾಗುವುದರಿಂದ ಎತ್ತರದ ಸಮಸ್ಯೆ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಲೇಸರ್‌ನಲ್ಲಿ ಕತ್ತರಿಸಿದ ಆಕ್ರಿಲಿಕ್ ಅಂಚಿನಲ್ಲಿ ಒಳಒತ್ತಡ ಉಳಿದಿರುತ್ತದೆ. ಪ್ರಯೋಗಾಲಯದಲ್ಲಿ ಶೇಕಡಾ 70ರ ಆಲ್ಕೋಹಾಲಿನಿಂದ ಒರೆಸಿದ ಕೂಡಲೇ ಕೂದಲಿನಂತಹ ಬಿರುಕುಗಳು ಏಳುತ್ತವೆ. ಸುಮಾರು 80 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟು ನಿಧಾನವಾಗಿ ತಣಿಸಿ ಕಳುಹಿಸಿದರೆ ಈ ದೂರು ಬಹಳ ಕಡಿಮೆಯಾಗುತ್ತದೆ. ಮೂರು ಆಯಾಮದ ಮುದ್ರಣದ ಬಗ್ಗೆ ಉತ್ಸಾಹ ಹೆಚ್ಚಿದೆ. ಆದರೆ ದ್ರವರಾಳದ ಮುದ್ರಣದಲ್ಲಿ ಗಟ್ಟಿಯಾಗದೆ ಉಳಿದ ಅಂಶ ಕೋಶಗಳಿಗೆ ವಿಷ. ಅಂತಹ ಅಚ್ಚಿನ ಮೇಲೆ ಪಿ.ಡಿ.ಎಂ.ಎಸ್. ಸುರಿದರೆ ಅದೂ ಗಟ್ಟಿಯಾಗುವುದಿಲ್ಲ. ಚೆನ್ನಾಗಿ ತೊಳೆದು, ಮತ್ತೆ ಬೆಳಕಿಗೊಡ್ಡಿ, ಬಿಸಿಮಾಡಿದ ಮೇಲೆಯೇ ಉಪಯೋಗ.

ಲೆಕ್ಕ

ಊಹೆಯ ಅಂಕಿಗಳನ್ನಿಟ್ಟುಕೊಂಡು ಒಂದು ಲೆಕ್ಕ ಹಾಕೋಣ. ಇವು ಮಾರುಕಟ್ಟೆಯ ದರಗಳಲ್ಲ. ಕೈಯಿಂದ ಮಾಡಿದ ರಬ್ಬರಿನ ಚಿಪ್ಪಿಗೆ 400 ರೂ., ಉಕ್ಕಿನ ಅಚ್ಚಿಗೆ 6 ಲಕ್ಷ ರೂ., ಅಚ್ಚಿನಿಂದ ಬಂದು ಮುಚ್ಚಳ ಕೂಡಿಸಿದ ಪ್ಲಾಸ್ಟಿಕ್ ಚಿಪ್ಪಿಗೆ 60 ರೂ. ಎಂದಿರಲಿ. ಒಂದೊಂದರಲ್ಲಿ 340 ರೂ. ಉಳಿತಾಯ; 1,765 ಚಿಪ್‌ಗಳಲ್ಲಿ ಅಚ್ಚಿನ ಹಣ ಹಿಂದಿರುಗುತ್ತದೆ. ಮುಚ್ಚಳ ಕೂಡಿಸುವಲ್ಲಿ ನಾಲ್ಕಕ್ಕೊಂದು ಹಾಳಾಗುತ್ತದೆಂದರೆ ಒಳ್ಳೆಯದೊಂದರ ಖರ್ಚು 80 ರೂ. ಆಗಿ, ಸಂಖ್ಯೆ 1,875ಕ್ಕೆ ಏರುತ್ತದೆ. ದೊಡ್ಡ ವ್ಯತ್ಯಾಸವಲ್ಲ. ಆದರೆ ವಿನ್ಯಾಸ ಒಮ್ಮೆ ಬದಲಾಗಿ ಅಚ್ಚಿನ ತಿದ್ದುಪಡಿಗೆ 2 ಲಕ್ಷ ರೂ. ಆದರೆ, ಸಂಖ್ಯೆ 2,353. ಎರಡು ಸಾವಿರದ ಆದೇಶ ಅಲ್ಲಿಗೆ ನಷ್ಟದ ಬಾಬ್ತು. ಈ ವ್ಯವಹಾರದಲ್ಲಿ ತಯಾರಕನನ್ನು ಮುಳುಗಿಸುವುದು ಹಾಳಾದ ಮಾಲಿಗಿಂತ ಹೆಚ್ಚಾಗಿ ಬದಲಾಗುವ ವಿನ್ಯಾಸ. ಸಂಶೋಧನೆಯ ಸ್ವಭಾವವೇ ಬದಲಾವಣೆಯಾದ್ದರಿಂದ ಸಂಶೋಧಕರನ್ನು ದೂರಿ ಫಲವಿಲ್ಲ.

ಆದ್ದರಿಂದ ಉಕ್ಕಿಗೆ ಕೈಹಾಕುವ ಮೊದಲು ಹಿತ್ತಾಳೆಯ ಸಣ್ಣ ಅಚ್ಚಿನಿಂದ, ಅಂತಿಮವಾಗಿ ಬಳಸುವ ಪ್ಲಾಸ್ಟಿಕ್‌ನಲ್ಲೇ, ಅಂತಿಮವಾಗಿ ಬಳಸುವ ಮುಚ್ಚಳದ ಕ್ರಮದಲ್ಲೇ ಇಪ್ಪತ್ತೈದು ಐವತ್ತು ಚಿಪ್‌ಗಳನ್ನು ಮಾಡಿಕೊಟ್ಟು, ಅವುಗಳಲ್ಲಿ ಕೋಶಗಳು ಬದುಕಿದವೆಂಬ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದು ಸೂಕ್ತ. ಕ್ರಿಮಿಶುದ್ಧಿಯ ಕ್ರಮವನ್ನೂ ಆಗಲೇ ಪರೀಕ್ಷಿಸಬೇಕು. ರಬ್ಬರಿನ ಚಿಪ್ಪನ್ನು 121 ಡಿಗ್ರಿಯ ಆಟೋಕ್ಲೇವಿನಲ್ಲಿಡುವ ಅಭ್ಯಾಸ ಪ್ರಯೋಗಾಲಯದಲ್ಲಿರುತ್ತದೆ. ಪಾಲಿಸ್ಟೈರೀನ್, ಆಕ್ರಿಲಿಕ್‌ಗಳು ಆ ಶಾಖದಲ್ಲಿ ಸೊಟ್ಟಗಾಗುತ್ತವೆ. ಅವುಗಳಿಗೆ ಗಾಮಾ ವಿಕಿರಣ ಅಥವಾ ಎಥಿಲೀನ್ ಆಕ್ಸೈಡ್ ಅನಿಲವೇ ದಾರಿ.

ಹೊರ ಅಳತೆಗಳಲ್ಲಿ ಸ್ವಂತ ಕಲ್ಪನೆ ಬೇಡ. 75 × 25 ಮಿ.ಮೀ.ನ ಗಾಜಿನ ಪಟ್ಟಿಯ ಅಳತೆ ಅಥವಾ 127.76 × 85.48 ಮಿ.ಮೀ.ನ ತಟ್ಟೆಯ ಅಳತೆ, ಈ ಎರಡರಲ್ಲೊಂದಕ್ಕೆ ಹೊಂದಿದರೆ ಪ್ರಪಂಚದ ಯಾವುದೇ ಸೂಕ್ಷ್ಮದರ್ಶಕದ ಮೇಲೂ ಕೂರುತ್ತದೆ. ಚಿಪ್‌ಗಳ ಅಳತೆ ಮತ್ತು ಜೋಡಣೆಗಳಿಗಾಗಿ 2022ರಲ್ಲಿ ಐ.ಎಸ್.ಓ. 22916 ಮಾನಕವೂ ಬಂದಿದೆ.

ನಮ್ಮ ರಾಜ್ಯದ ಸಣ್ಣ ಘಟಕಗಳಿಗೆ ಮೊದಲ ಹೆಜ್ಜೆ ಯಾವುದೆಂಬುದರ ಬಗ್ಗೆ ಈ ಲೇಖಕನ ಅಭಿಪ್ರಾಯ ಸ್ಪಷ್ಟವಾಗಿದೆ. ಚಿಪ್ ಮಾಡಲು ಹೊರಡುವ ಮೊದಲು ಅಚ್ಚು ಮಾಡಿಕೊಡುವುದು. ಸಿಲಿಕಾನ್ ಬಿಲ್ಲೆಯ ಅಚ್ಚಿಗೆ ಶುದ್ಧಕೋಣೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಅದಿದೆ, ಹೊರಗಿನವರಿಗೂ ಅಲ್ಲಿ ಅವಕಾಶವಿದೆ. ಆದರೆ 100 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಾಲುವೆಗಳಿಗೆ ಹಿತ್ತಾಳೆಯಲ್ಲಿ ಮಿಲ್ಲಿಂಗ್ ಮಾಡಿದ ಅಚ್ಚು ಸಾಕು, ಅದರ ಮೇಲೆಯೂ ಪಿ.ಡಿ.ಎಂ.ಎಸ್. ಎರೆಯಬಹುದು, ಅದು ಬಿಲ್ಲೆಯಂತೆ ಕೈಜಾರಿ ಒಡೆಯುವುದೂ ಇಲ್ಲ. ಉತ್ತಮ ಸ್ಪಿಂಡಲ್ ಇರುವ ಟೂಲ್ ರೂಮ್ ಈ ಕೆಲಸವನ್ನು ಹೊಸ ಬಂಡವಾಳವಿಲ್ಲದೆ ಆರಂಭಿಸಬಹುದು. ಎತ್ತರವನ್ನು ಅಳೆಯುವ ಉಪಕರಣ ತನ್ನಲ್ಲಿಲ್ಲದಿದ್ದರೆ ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಂತಹ ಕಡೆ ಅಳೆಸಿ, ಆ ಅಳತೆಪತ್ರವನ್ನು ಅಚ್ಚಿನೊಂದಿಗೇ ಕಳುಹಿಸಬೇಕು. ಪತ್ರದಲ್ಲಿ ಒಂದೇ ಬಿಂದುವಿನ ಎತ್ತರ ಸಾಲದು. ಕಾಲುವೆಯ ಎರಡೂ ತುದಿಗಳಲ್ಲಿ ಮತ್ತು ನಡುವೆ, ಹೀಗೆ ಮೂರು ಕಡೆಯಾದರೂ ಅಳೆದಿರಬೇಕು.